ಬಂಡೆಯ ಮೇಲೆ ಮೂರು ಜಾಗ

ಹೋದ ತಿಂಗಳು ನೀವು ಮೂವರು ಮೊಮ್ಮಕ್ಕಳೂ ಕಾಡಿನಲ್ಲಿ ಎರಡು ದಿನ ಇದ್ದು ಬರಲು ಹೊರಟಾಗ, ನಾನು ಹೊಸ್ತಿಲ ಹೊರಗಿನಿಂದ ಒಂದು ಸಣ್ಣ ಕಲ್ಲು ಆರಿಸಿ ತಂದು ದೊಡ್ಡವಳ ಚೀಲದಲ್ಲಿ ಹಾಕಿದೆ. ನೀವು ನಕ್ಕಿರಿ. ಸಣ್ಣವನು, "ಆಯೀ, ಇದಕ್ಕೂ ಒಂದು ಪರ್ಮಿಟ್ ತಗಸೂಣೇನು?" ಎಂದ. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಯಾಕೆ ನಿಂತೆ ಎಂಬುದನ್ನು ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದು ನಿಮಗೂ ಗೊತ್ತು. ಮನೆಗೆ ನಾಲ್ಕು ಜನ ಬಂದರೆ ಬಾಗಿಲ ಹಿಂದೆ ನಿಲ್ಲುವವಳು ನಾನು. ಆದರೆ ಬರೆಯಲು ಬರುತ್ತದೆ. ಹುನಗುಂದ ತಾಲ್ಲೂಕಿನ ನಮ್ಮ ಊರಿನ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ಅದು ಇಷ್ಟಕ್ಕಾದರೂ ಆಗಲಿ.

ಮೂವರು ಕೂಡಿ ಹೊರಡಬಾರದು ಎಂದು ನನ್ನ ಅವ್ವ ಹೇಳುತ್ತಿದ್ದಳು. ಹೊರಡಲೇಬೇಕಾದರೆ ಒಂದು ಕಲ್ಲು ತೆಗೆದುಕೊಳ್ಳಬೇಕು. ಅದು ನಾಲ್ಕನೆಯವರ ಲೆಕ್ಕ. ಸಂತೆಗೆ ಹೋಗುವಾಗ, ದವಾಖಾನೆಗೆ ಹೋಗುವಾಗ, ಹೆಣ್ಣು ನೋಡಲು ಹೋಗುವಾಗ, ಎಲ್ಲದಕ್ಕೂ ಅವ್ವ ಹೀಗೆಯೇ ಮಾಡುತ್ತಿದ್ದಳು. ಇಳಕಲ್ಲಿಗೆ ಸೊಸೆಯಾಗಿ ಬಂದ ಮೇಲೆ ನಾನೂ ಅದನ್ನೇ ಮಾಡಿದೆ. ಕಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಅದನ್ನು ಕಂಡಾಗಲೆಲ್ಲ ನಿಮ್ಮ ಅಜ್ಜ ಚೇಷ್ಟೆ ಮಾಡುತ್ತಿದ್ದರು. ನನಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ, ಅದಕ್ಕೆ ಆ ಕಲ್ಲನ್ನು ನನ್ನ ತಮ್ಮ ಎನ್ನುತ್ತಿದ್ದರು.

"ನಿನ್ನ ತಮ್ಮನ್ನ ಕರಕೊಂಡಿಯೇನು? ಭಾಳ ಚಲೋ ಹುಡುಗ ನೋಡು. ಚಾ ಕೇಳೂದಿಲ್ಲ, ಬಸ್ಸಿನ್ಯಾಗ ಸೀಟ್ ಕೇಳೂದಿಲ್ಲ."

ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ಅವರು ಕುಣಿಮಗ್ಗದ ನೇಕಾರರು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆಳಗಿನಿಂದ ಸಂಜೆಯವರೆಗೆ ಏಳುತ್ತಿರಲಿಲ್ಲ. ಅಮಾವಾಸ್ಯೆಗೆ ಮಾತ್ರ ಮಗ್ಗಕ್ಕೆ ಬಿಡುವು. ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಇಲ್ಲದ ಗಳಿಗೆ ಇರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ನನಗೆ ತಲೆ ಸಿಡಿಯುತ್ತಿತ್ತು. ಆಗ ಒಂದು ದಿನ ಅವರು ಆ ಬಂಡೆಯ ಸುದ್ದಿ ಹೇಳಿದರು.

ಅವರು ಹನ್ನೆರಡು ವರ್ಷದವರಿದ್ದಾಗ ಅವರ ಅಪ್ಪ ಸೀರೆ ಗಂಟು ಹೊತ್ತು ಘಟ್ಟದ ಕಡೆಯ ಊರುಗಳಿಗೆ ಮಾರಲು ಹೋಗುತ್ತಿದ್ದರಂತೆ. ಒಮ್ಮೆ ಮಗನನ್ನೂ ಕರೆದೊಯ್ದರು. ಕಾಡಿನ ನಡುವೆ ಹೊತ್ತು ಮುಳುಗಿತು. ಹಳ್ಳದ ದಂಡೆಯಲ್ಲಿ ಅಂಗಳದಷ್ಟು ಅಗಲದ ಬಂಡೆ ಇತ್ತು. ಅದರ ಮೇಲೆ ಸೀರೆ ಗಂಟನ್ನೇ ತಲೆದಿಂಬು ಮಾಡಿಕೊಂಡು ಅಪ್ಪ ಮಗ ಮಲಗಿದರು. "ಕಾಲು ಪೂರಾ ಚಾಚಿ ಮಲಗಿದ್ದು ಅವತ್ತ ಒಂದ ದಿನ. ಕಿವಿಗೆ ಮಗ್ಗ ಇಲ್ಲ, ಏನಿಲ್ಲ, ಬರೇ ನೀರು" ಎನ್ನುತ್ತಿದ್ದರು. ದೊಡ್ಡವರಾದ ಮೇಲೆ ಗೆಳೆಯರ ಜೊತೆ ಎರಡು ಸಲ ಹೋಗಿ ಬಂದರು. ಆಗೆಲ್ಲ ಯಾರ ಕಾಗದವೂ ಬೇಕಿರಲಿಲ್ಲ. ಕಾಡಿನ ಗಾರ್ಡಿಗೆ ಒಂದು ಮಾತು ಹೇಳಿದರೆ, "ಬೆಂಕಿ ಹಚ್ಚಬ್ಯಾಡ್ರಪಾ" ಎಂದು ಬಿಡುತ್ತಿದ್ದನಂತೆ.

ಪ್ರತಿ ಸಲ ಬಂದು "ಮುಂದಿನ ಸಲ ನೀನೂ ಬಾ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಳಗೆ ಮಾತ್ರ ಬಹಳ ಆಸೆ ಇತ್ತು. ನಾನು ನೋಡಿದ ಬಯಲೆಂದರೆ ತವರಿನ ಹೊಲ ಮತ್ತು ಬಸ್ಸಿನ ಕಿಟಕಿಯಾಚೆಗಿನದು, ಅಷ್ಟೇ. ಹೆಂಗಸು ಕಾಡಿನಲ್ಲಿ ಬಂಡೆಯ ಮೇಲೆ ಮಲಗಬೇಕು ಎಂದರೆ ಅತ್ತೆ ಏನೆಂದಾರು, ಓಣಿಯವರು ಏನೆಂದಾರು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಹೀಗೇ ವರ್ಷಗಳು ಹೋದವು.

ಎರಡು ಸಾವಿರದ ಇಸವಿಯಾಗಿ ಏಳೆಂಟು ವರ್ಷವಾಗಿರಬೇಕು, ನಿಮ್ಮ ಅಜ್ಜನಿಗೆ ಕೆಮ್ಮು ಹಿಡಿಯಿತು. ಇಳಕಲ್ಲಿನ ದವಾಖಾನೆಯಲ್ಲಿ ಕಡಿಮೆಯಾಗಲಿಲ್ಲವೆಂದು ಬಾಗಲಕೋಟೆಗೆ ಒಯ್ದೆವು. ಅಲ್ಲಿಯ ಡಾಕ್ಟರು ಒಳಗಿನ ಚಿತ್ರ ಬೆಳಕಿಗೆ ಹಿಡಿದು ನೋಡಿ, ನಿಮ್ಮ ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ಇನ್ನು ಆರು ತಿಂಗಳು, ಹೆಚ್ಚೆಂದರೆ. ಬಾಗಲಕೋಟೆಯಿಂದ ಬರುವ ಬಸ್ಸು ಹುನಗುಂದ ದಾಟಿದ ಮೇಲೆ ನಿಮ್ಮ ಅಜ್ಜನೇ ಬಾಯಿ ಬಿಟ್ಟರು.

"ನನ್ನನ್ನ ಒಮ್ಮೆ ಆ ಕಲ್ಲಿನ ಮ್ಯಾಲೆ ಮಲಗಸಿ ಕರಕೊಂಬಾ ತಮ್ಮಾ. ಒಂದ ರಾತ್ರಿ. ಮತ್ತ ಏನೂ ಕೇಳೂದಿಲ್ಲ."

ನಿಮ್ಮ ಅಪ್ಪ, "ಆತು ಯಪ್ಪಾ, ಹೋಗೂಣು" ಎಂದ.

ಅವನು ಆಗ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮರುದಿನವೇ ಆ ಕಾಡಿನ ಆಫೀಸಿಗೆ ಫೋನ್ ಹಚ್ಚಿದ. ಕಾಲ ಬದಲಾಗಿತ್ತು. ಬಂಡೆಯ ಹತ್ತಿರದವರೆಗೆ ಜೀಪು ಹೋಗುವ ದಾರಿಯಾಗಿತ್ತು, ಆದರೆ ಅಲ್ಲಿ ಇರಬೇಕಾದರೆ ಪರ್ಮಿಟ್ ಬೇಕು. ರಾತ್ರಿಗೆ ಹತ್ತೇ ಜನ. ಪರ್ಮಿಟ್ ಕಂಪ್ಯೂಟರಿನಲ್ಲಿ ಮಾತ್ರ ಸಿಗುವುದು. ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಮುಂದಿನ ತಿಂಗಳಿನ ದಿನಗಳು ತೆರೆಯುತ್ತವೆ. ಹೋಗುವವರೆಲ್ಲರ ಹೆಸರು, ಗುರುತಿನ ಚೀಟಿಯ ನಂಬರು ಆಗಲೇ ಕೊಡಬೇಕು, ಆಮೇಲೆ ಸೇರಿಸಲು ಬರುವುದಿಲ್ಲ.

"ನಮ್ಮಪ್ಪಗ ಆರಾಮಿಲ್ರಿ ಸಾಹೇಬ್ರ, ಅಷ್ಟು ದಿನ ಕಾಯಾಕ ಆಗೂದಿಲ್ಲ" ಎಂದು ನಿಮ್ಮ ಅಪ್ಪ ಬೇಡಿಕೊಂಡನಂತೆ.

"ನನಗ ತಿಳೀತೈತಪಾ. ಕಂಪ್ಯೂಟರಿಗೆ ಪೇಷಂಟ್ ಯಾರು, ಪೈಲ್ವಾನ್ ಯಾರು ತಿಳೀಬೇಕಲ್ಲ?" ಎಂದರಂತೆ ಆ ಕಡೆಯವರು. ಸಿಟ್ಟಿನಿಂದಲ್ಲ, ಅವರಿಗೂ ಬೇಸರವಾಗಿತ್ತಂತೆ.

ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಮುಸಲ್ಮಾನ ಹಿರಿಯರು ಅಂಗಡಿ ಇಟ್ಟಿದ್ದರು. ಮೊದಲು ಎಸ್‌ಟಿಡಿ ಬೂತ್ ಇತ್ತು, ಆಮೇಲೆ ಝೆರಾಕ್ಸ್ ಬಂತು, ಆಮೇಲೆ ಎರಡು ಕಂಪ್ಯೂಟರ್ ಬಂದವು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಅವರ ಮನೆಯಾಕೆ ನಮ್ಮ ಮಗ್ಗದ ಸೀರೆಯನ್ನೇ ಉಡುತ್ತಿದ್ದರು. ಮೊದಲ ತಿಂಗಳ ಒಂದನೇ ತಾರೀಖಿಗೆ ನಿಮ್ಮ ಅಪ್ಪ ರಜೆ ಹಾಕಿ ಅವರ ಅಂಗಡಿಯಲ್ಲಿ ಒಂಬತ್ತಕ್ಕೇ ಹೋಗಿ ಕೂತ. ಹತ್ತು ಹೊಡೆಯಿತು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ನಿಂತಾಗ ಹತ್ತೂ ಕಾಲು. ಎಲ್ಲ ದಿನವೂ ಭರ್ತಿ ಎಂದು ಕೆಂಪು ಅಕ್ಷರ ಬಂತು.

ಎರಡನೆಯ ತಿಂಗಳು ಚಕ್ರ ತಿರುಗಲಿಲ್ಲ. ಹೆಸರು ತುಂಬಿದರು, ನಂಬರು ತುಂಬಿದರು, ಕಡೆಯ ಗುಂಡಿ ಒತ್ತುವುದರೊಳಗೆ ಕರೆಂಟ್ ಹೋಯಿತು. ಸಾಹೇಬರ ಬ್ಯಾಟರಿ ಎರಡು ನಿಮಿಷ ನಡೆದು ಸತ್ತಿತು. ನಿಮ್ಮ ಅಪ್ಪ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಅಂಗಳದಲ್ಲಿ ನಿಂತಿದ್ದ. ಒಳಗಿನಿಂದ ನಿಮ್ಮ ಅಜ್ಜ ಕೂಗಿ, "ಯಾಕಲೇ, ಇವತ್ತೂ ಗಾಲಿ ತಿರಗಾಕ ಹತ್ತಿತ್ತೇನು?" ಎಂದರು.

ಕಂಪ್ಯೂಟರಿಗೆ ಒಂದು ತಿಂಗಳೆಂದರೆ ಒಂದು ಹಾಳೆ ಮಗುಚಿದ ಹಾಗೆ. ನಮಗೆ ಹಾಗಿರಲಿಲ್ಲ. ಮೊದಲನೆಯ ತಿಂಗಳಲ್ಲಿ ಅವರು ಮಗ್ಗಕ್ಕೆ ಇಳಿಯುವುದನ್ನು ಬಿಟ್ಟರು. ಎರಡನೆಯ ತಿಂಗಳಲ್ಲಿ ಗೋಡೆ ಹಿಡಿದು ನಡೆಯತೊಡಗಿದರು. ಮೂರನೆಯದರ ಹೊತ್ತಿಗೆ ಹಾಸಿಗೆಯಿಂದ ಅಂಗಳಕ್ಕೆ ಬರಲು ನಿಮ್ಮ ಅಪ್ಪ ಹೆಗಲು ಕೊಡಬೇಕಿತ್ತು.

ಮೂರನೆಯ ಸಲ ಅವನಿಗೆ ರಜೆ ಸಿಗಲಿಲ್ಲ. ಕಾರ್ಖಾನೆಯಲ್ಲಿ ಕಲ್ಲು ಲೋಡ್ ಆಗುವ ದಿನ. "ಯವ್ವಾ, ನೀ ಹೋಗು. ಸಾಹೇಬ್ರು ಎಲ್ಲಾ ಮಾಡ್ತಾರ. ನೀ ಬರೇ ಹತ್ರ ಕೂಡು" ಎಂದು ಚೀಟಿ ಬರೆದು ಕೊಟ್ಟ. ನಾನು ಸೆರಗು ಬಿಗಿ ಮಾಡಿಕೊಂಡು ಹೋದೆ. ಅಂಗಡಿಯಲ್ಲಿ ಗಂಡಸರೇ ಇದ್ದರು. ಸಾಹೇಬರು ಸ್ಟೂಲ್ ಎಳೆದು, "ಕೂಡ್ರಿ ಅಕ್ಕಾರ, ಇವತ್ತ ಹೆಂಗರ ಮಾಡಿ ಹಿಡಿಯೂಣು" ಎಂದರು. ತಾವು ಹಿರಿಯರಾದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದರು.

ಹತ್ತಾಯಿತು. ಚಕ್ರ ಎರಡು ಸುತ್ತು ತಿರುಗಿ ನಿಂತಿತು. ಪುಟ ತೆರೆಯಿತು. ಸಾಹೇಬರು ಮುಂದೆ ಬಾಗಿದರು.

"ಸಿಕ್ತು ಅಕ್ಕಾರ! ಒಂದು ದಿನದ್ದು ಐತಿ. ಮೂರು ಜಾಗ ಖಾಲಿ. ಚೀಟಿ ಕೊಡ್ರಿ."

ಚೀಟಿಯಲ್ಲಿ ಮೂರು ಹೆಸರಿದ್ದವು. ನಿಮ್ಮ ಅಜ್ಜ, ನಿಮ್ಮ ಅಪ್ಪ, ನಾನು. ದಾರಿಯಲ್ಲಿ ಅದನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡು ಬಂದಿದ್ದೆ, ಬಿಡಿಸಿ ನೋಡಿರಲಿಲ್ಲ. ಆಗ ನೋಡಿದೆ. ಆರಾಮಿಲ್ಲದವರನ್ನು ಕರೆದುಕೊಂಡು ಮೂವರು ಕಾಡಿಗೆ ಹೋಗುವುದೇ?

"ಸಾಹೇಬ್ರ, ಮೂರು ಬ್ಯಾಡ್ರಿ" ಎಂದೆ.

"ಯಾಕ್ರಿ?"

"ಮೂರು ಮಂದಿ ಹೋಗಬಾರದ್ರಿ. ನಾಕ್ ಮಾಡ್ರಿ. ಗಂಡನ ಮನ್ಯಾಗಿರೋ ನನ್ನ ಮಗಳ ಹೆಸರೂ ಹಾಕ್ರಿ."

"ನಾಕ್ ಇಲ್ಲಲ್ರಿ ಅಕ್ಕಾರ, ಮೂರ ಅದಾವ. ಎರಡು ಮಾಡ್ಲ್ಯಾ?"

ಎರಡು ಎಂದರೆ ಅವರು ಮತ್ತು ಅವರನ್ನು ಹೊರುವ ಮಗ. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಹೆಸರು ತೆಗೆಯಿರಿ ಎಂದು ಹೇಳುವುದು ನನಗೆ ಕಷ್ಟದ ಮಾತೇನಲ್ಲ. ಹುಟ್ಟಿದಾಗಿನಿಂದ ಅದನ್ನೇ ಹೇಳುತ್ತ ಬಂದವಳು. ಊಟಕ್ಕೆ ಕೂಡುವಾಗ, ಜಾತ್ರೆಗೆ ಹೋಗುವಾಗ, ಫೋಟೋ ತೆಗೆಸುವಾಗ. ಆ ದಿನ ಮಾತ್ರ ಆ ಮಾತು ಬರಲಿಲ್ಲ. ಒಂದೇ ಒಂದು ಸಲ ನಾನೂ ಬರಬೇಕು ಎನಿಸಿತು. ಪರದೆ ನೋಡುತ್ತ ಕೂತೆ. ಎಷ್ಟು ಹೊತ್ತು ಕೂತೆನೋ ತಿಳಿಯದು, ಐದಾರು ಉಸಿರಿನಷ್ಟಿರಬಹುದು.

"ಹೇಳ್ರಿ ಅಕ್ಕಾರ, ಹೊತ್ತಿಲ್ಲ."

"ಅದರ ಮರುದಿನ ನಾಕ್ ಅದಾವೇನು ನೋಡ್ರಿ."

ಸಾಹೇಬರು ನನ್ನ ಮುಖ ನೋಡಿದರು. ಆಮೇಲೆ ಮರುದಿನದ ಮೇಲೆ ಒತ್ತಿದರು. ಚಕ್ರ ತಿರುಗಿತು. ಮರುದಿನ ಭರ್ತಿ. ತಿರುಗಿ ಹಿಂದಿನ ದಿನಕ್ಕೆ ಒತ್ತಿದರು. ಚಕ್ರ ತಿರುಗಿತು. ಅದೂ ಭರ್ತಿ. ಆ ಮೂರು ಜಾಗ ಅಷ್ಟರಲ್ಲಿ ಇನ್ನಾರದೋ ಆಗಿದ್ದವು. ಸಾಹೇಬರು ಮತ್ತೆ ಮತ್ತೆ ಒತ್ತಿದರು. ಕೊನೆಗೆ ಕೈ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಮುಂದಿನ ತಿಂಗಳು ನೋಡೂಣ್ರಿ" ಎಂದರು.

ಮನೆಗೆ ಬಂದು "ಭರ್ತಿ ಆಗಿತ್ತು" ಎಂದೆ. ಅಷ್ಟೇ ಹೇಳಿದೆ. ನಿಮ್ಮ ಅಪ್ಪ ಆ ಕಂಪ್ಯೂಟರ್ ಮಾಡಿದವರನ್ನೆಲ್ಲ ಬೈದ. ನಿಮ್ಮ ಅಜ್ಜ, "ಹೋಗ್ಲಿ ಬಿಡೋ, ಆ ಕಲ್ಲು ಎಲ್ಲಿ ಓಡಿ ಹೋಗ್ತೈತಿ" ಎಂದು ಗೋಡೆಯ ಕಡೆ ಮಗ್ಗುಲಾದರು. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ.

ಅದಾಗಿ ಹದಿನೈದು ದಿನಕ್ಕೆ ನಿಮ್ಮ ಅಪ್ಪ ಒಂದು ಉಪಾಯ ಮಾಡಿದ. ಬಾದಾಮಿಯಲ್ಲಿ ನಿಮ್ಮ ಅಜ್ಜನ ತಂಗಿಯ ಮನೆಯಿದೆ, ಅಲ್ಲಿಯ ಕೆರೆಯ ಸುತ್ತ ಬೇಕಾದಷ್ಟು ಬಂಡೆಗಳಿವೆ. ಅಲ್ಲಿಗಾದರೂ ಒಯ್ದು ಬಯಲಿನಲ್ಲಿ ಮಲಗಿಸೋಣ ಎಂದ. ಗೆಳೆಯನ ಟ್ರ್ಯಾಕ್ಸ್ ಗಾಡಿ ತಂದ, ತಾನೇ ನಡೆಸುವವನಿದ್ದ. ನಿಮ್ಮ ಅಜ್ಜನನ್ನು ಎತ್ತಿ ಕೂಡಿಸಿದ. ನಾನು ಬಾಗಿಲಿಗೆ ಕೀಲಿ ಹಾಕಿ ಹೊರಗೆ ಬಂದೆ. ಮೂವರು. ನನ್ನ ಕೈ ತಾನಾಗಿಯೇ ಕೆಳಗೆ ಹೋಗಿ ಕಟ್ಟೆಯ ಬುಡದಿಂದ ಒಂದು ಸಣ್ಣ ಕಲ್ಲು ಎತ್ತಿತು. ಸೆರಗಿನ ತುದಿಗೆ ಗಂಟು ಹಾಕಿದೆ.

ಗಂಟು ಹಾಕುವಾಗ ತಿಳಿಯಿತು.

ಕಲ್ಲು ಇತ್ತಲ್ಲ! ಮೂರು ಜಾಗ ಹಿಡಿಯಿರಿ ಎಂದು ಹೇಳಿ, ಹೋಗುವ ದಿನ ಒಂದು ಕಲ್ಲು ಗಂಟು ಹಾಕಿಕೊಂಡಿದ್ದರೆ ಆಗುತ್ತಿತ್ತು. ನೂರು ಸಲ ಮಾಡಿದ್ದನ್ನು ಆ ಒಂದು ಗಳಿಗೆಯಲ್ಲಿ ಮರೆತಿದ್ದೆ. ಪರದೆಯ ಮೇಲೆ ಹೆಸರು, ವಯಸ್ಸು, ನಂಬರು ಎಂದು ಸಾಲು ಸಾಲಾಗಿ ಖಾಲಿ ಚೌಕಗಳಿದ್ದವು. ಅಲ್ಲಿ ಬರೆಯದವರು ಬರುವ ಹಾಗಿಲ್ಲ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಕಲ್ಲಿಗೆ ಯಾರ ಪರ್ಮಿಟ್ ಬೇಕು?

ಟ್ರ್ಯಾಕ್ಸ್ ಒಳಗಿನಿಂದ ಅವರು ನೋಡುತ್ತಿದ್ದರು. "ನಿನ್ನ ತಮ್ಮನ್ನ ಮಾತ್ರ ಮರೀಲಿಲ್ಲ ನೋಡು" ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ನಾನು ಹತ್ತಿ ಕೂತು ಬಾದಾಮಿ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿದ್ದೆ.

ಕೆರೆಯ ಮೇಲಿನ ಒಂದು ಕೆಂಪು ಬಂಡೆಯ ನೆರಳಿನಲ್ಲಿ ಕೌದಿ ಹಾಸಿ ಮಲಗಿಸಿದೆವು. ಮಂಗಗಳು ಬಂದು ಚೀಲ ನೋಡಿ ಹೋದವು. ಕೆಳಗೆ ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಅರಿವೆ ಒಗೆಯುತ್ತಿದ್ದರು. ಆ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. "ಇಲ್ಲೂ ಮಗ್ಗ ಬಿಡವಲ್ತು" ಎಂದರು ನಿಮ್ಮ ಅಜ್ಜ. ನಿಮ್ಮ ಅಪ್ಪ ಚಹಾ ತರಲು ಇಳಿದುಹೋದ. ಆಗ ಅವರು ಕೇಳಿದರು:

"ಆ ಕಾಡಿನ ಕಲ್ಲಿಗೆ ನೀನೂ ಬರಬೇಕಂತ ಇತ್ತೇನು?"

"ಹೂಂ" ಎಂದೆ.

"ಎಂದಿನಿಂದ?"

"ಮೊದಲ ಸಲ ನೀವು ಹೇಳಿದಾಗಿಂದ್ರಿ."

ಅವರು ನನ್ನನ್ನೇ ನೋಡಿದರು. "ಒಂದು ಹೂಂ ಅನ್ನಾಕ ಇಷ್ಟು ವರ್ಷ ಬೇಕಾತೇನ ನಿನಗ? ಹುಚ್ಚಿ" ಎಂದರು. ಕೈ ಚಾಚಿ ನನ್ನ ಸೆರಗಿನ ಗಂಟನ್ನು ಮುಟ್ಟಿ ನೋಡಿದರು. ಉಳಿದದ್ದನ್ನು ಆಗ ಹೇಳಿಬಿಡಬೇಕಿತ್ತು. ಅಂಗಡಿಯಲ್ಲಿ ಏನಾಯಿತು, ನನ್ನ ಬಾಯಿಂದ ಏನು ಬಂತು, ಏನು ಬರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಿಮ್ಮ ಅಪ್ಪ ಚಹಾ ಹಿಡಿದು ಮೇಲೆ ಬಂದ.

ಮುಂದಿನ ಒಂದನೇ ತಾರೀಖಿಗೆ ಐದು ದಿನ ಉಳಿದಿರುವಾಗ ಅವರು ಹೋದರು. ಮನೆಯಲ್ಲಿಯೇ, ಬೆಳಗಿನ ಹೊತ್ತು. ಪಕ್ಕದ ಮನೆಗಳವರು ಆ ದಿನ ಮಗ್ಗ ನಿಲ್ಲಿಸಿದರು. ಓಣಿಯಲ್ಲಿ ಅಷ್ಟು ಸದ್ದಿಲ್ಲದ್ದನ್ನು, ಅಮಾವಾಸ್ಯೆ ಬಿಟ್ಟರೆ, ನಾನು ಅವತ್ತೇ ಕೇಳಿದ್ದು.

ಒಂದನೇ ತಾರೀಖು ಮಧ್ಯಾಹ್ನ ಸಾಹೇಬರು ನಮ್ಮ ಮನೆಗೆ ಬಂದರು. ಅವರ ಮಗಳ ಹೆರಿಗೆಯೆಂದು ಎಂಟು ದಿನ ಹುನಗುಂದದಲ್ಲಿದ್ದವರು, ಆ ದಿನ ಬೆಳಿಗ್ಗೆಯ ಬಸ್ಸಿಗೆ ಬಂದು ನೇರವಾಗಿ ಅಂಗಡಿ ತೆರೆದಿದ್ದರು. ಯಾರೂ ಅವರಿಗೆ ಸುದ್ದಿ ಹೇಳಿರಲಿಲ್ಲ. ಕೈಯಲ್ಲಿ ಒಂದು ಕಾಗದ ಹಿಡಿದು, ದೂರದಿಂದಲೇ "ತಮ್ಮಾ, ಸಿಕ್ತಪಾ!" ಎನ್ನುತ್ತ ಬಂದರು. ಅಂಗಳದಲ್ಲಿ ಅಷ್ಟು ಚಪ್ಪಲಿ ಕಂಡು ನಿಂತರು. ಒಳಗೆ ನೋಡಿದರು, ನನ್ನ ಹಣೆ ನೋಡಿದರು. ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಕಟ್ಟೆಯ ಮೇಲೆ ಕೂತುಬಿಟ್ಟರು.

ನಿಮ್ಮ ಅಪ್ಪ ಅವರ ಕೈಯಿಂದ ಕಾಗದ ತೆಗೆದುಕೊಂಡು ಓದಿದ.

"ಇದರಾಗ ನಾಕ್ ಹೆಸರು ಅದಾವಲ್ರಿ. ನಾಕ್ನೇದು ನಿಮ್ಮದು ಐತಿ?"

ಸಾಹೇಬರು ನನ್ನ ಕಡೆ ನೋಡಿದರು. ನಾನು ಬಾಗಿಲ ಸಂದಿಯಲ್ಲಿದ್ದೆ.

"ಹೌದಪಾ," ಎಂದರು ಅವರು, "ನನಗೂ ಆ ಕಲ್ಲು ನೋಡಬೇಕಂತ ಆಸೆ ಇತ್ತು. ನಿಮ್ಮಪ್ಪ ಅಷ್ಟು ಹೇಳತಿದ್ನಲ್ಲ. ಕೇಳದ ಹಾಕೀನಿ, ತಪ್ಪು ತಿಳ್ಕೋಬ್ಯಾಡ."

ನಿಮ್ಮ ಅಪ್ಪ ಅದನ್ನೇ ನಂಬಿದ. ಇವತ್ತಿನವರೆಗೂ ನಂಬಿದ್ದಾನೆ. ಸಾಹೇಬರು ತೀರಿಹೋಗುವ ತನಕವೂ ಯಾರಿಗೂ ಬೇರೆ ಮಾತು ಆಡಲಿಲ್ಲ. ಮೂವರು ಹೋಗಬಾರದು ಎಂದು ಹೆದರಿದವಳ ಸಲುವಾಗಿ, ಮಂಡಿನೋವಿನ ಆ ಮುದುಕರು ತಾವೇ ನಾಲ್ಕನೆಯವರಾಗಿ ಕಾಡಿಗೆ ಬರಲು ಹೆಸರು ಬರೆದಿದ್ದರು. ನಿಮ್ಮ ಅಪ್ಪ ಇದನ್ನು ಓದಿದರೆ ಓದಲಿ. ಇಷ್ಟು ವರ್ಷ ಅವನು ಸುಮ್ಮನೆ ಆ ಕಂಪ್ಯೂಟರನ್ನು ಬೈದಿದ್ದಾನೆ. ಬೈಗುಳದಲ್ಲಿ ಒಂದು ಪಾಲು ನನಗೆ ಸೇರಬೇಕಾದದ್ದು.

ದಿನಕರ್ಮ ಮುಗಿದ ಮೇಲೆ ನಾನೇ ಸಾಹೇಬರ ಅಂಗಡಿಗೆ ಹೋದೆ. ಹೊಸದಾಗಿ ಗಂಡ ಸತ್ತವಳು ಪೇಟೆಗೆ ಬಂದಳು ಎಂದು ಜನ ನೋಡಿದರು, ನೋಡಲಿ ಎಂದೆ. ಆ ನಾಲ್ಕು ಜಾಗ ಬಿಟ್ಟುಕೊಡಬೇಕಿತ್ತು. ಎಲ್ಲಿಯೋ ಯಾವುದೋ ಊರಿನಲ್ಲಿ, ಒಂದನೇ ತಾರೀಖು ಹತ್ತಕ್ಕೆ ಕೂತು, ಭರ್ತಿ ಎಂದು ಓದಿ ಎದ್ದುಹೋದವರು ಇರುತ್ತಾರಲ್ಲ. ಅವರ ಮನೆಯಲ್ಲಿಯೂ ಯಾರಾದರೂ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರೆ?

ಸಾಹೇಬರು ರದ್ದು ಮಾಡುವ ಗುಂಡಿ ಒತ್ತಿದರು. ಚಕ್ರ ತಿರುಗಿತು. ಮತ್ತೆ ಪ್ರಯತ್ನಿಸಿ ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ಅದೇ. ನಾನು ಮೂರು ದಿನ ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತೆ. ಪಡೆಯಲು ಬಿಡದ ಯಂತ್ರ ಬಿಡಲೂ ಬಿಡಲಿಲ್ಲ. ಸಾಹೇಬರು ಕಾಡಿನ ಆಫೀಸಿಗೆ ಫೋನ್ ಹಚ್ಚಿದರು, ಗಂಟೆ ಹೊಡೆದು ಹೊಡೆದು ನಿಂತಿತು. ಕಡೆಗೆ ಆ ತಾರೀಖು ಬಂತು, ಹೋಯಿತು. ಕಾಗದದ ಲೆಕ್ಕದಲ್ಲಿ ಆ ಬಂಡೆಯ ಮೇಲೆ ಅಂದು ಹತ್ತು ಜನ ಮಲಗಿದ್ದರು. ನಾಲ್ಕು ಜನರ ಜಾಗ ಮಾತ್ರ ಬರಿ ಕಲ್ಲು.

ಆ ಕಾಗದ ನಿಮ್ಮ ಅಜ್ಜನ ಮಗ್ಗದ ಲಾಳಿ ಇಟ್ಟ ಪೆಟ್ಟಿಗೆಯಲ್ಲಿದೆ. ಬಾದಾಮಿಗೆ ಒಯ್ದ ಕಲ್ಲೂ ಅಲ್ಲೇ ಇದೆ. ಈಗ ನಿಮಗೆ ಅಂಗಡಿಗೆ ಹೋಗುವ ಕೆಲಸವಿಲ್ಲ, ಫೋನಿನಲ್ಲಿಯೇ ಒತ್ತುತ್ತೀರಿ. ಆದರೆ ಹತ್ತು ಗಂಟೆಗೆ ನೀವು ಮೂವರೂ ಉಸಿರು ಬಿಗಿಹಿಡಿದು ಕೂತಾಗ, ಅದೇ ಚಕ್ರ ತಿರುಗುವುದನ್ನು ನಾನು ಹಿಂದಿನಿಂದ ನೋಡಿದ್ದೇನೆ. ಮೂರು ಸಿಕ್ಕರೆ ಮೂರು ಹಿಡಿಯಿರಿ. ಮರುದಿನ ನೋಡಬೇಡಿ. ಕಲ್ಲು ನಾನು ಕೊಡುತ್ತೇನೆ.